ಮೂರು ಬಳೆಗಳ ಮದ್ದು

ಜ್ವರಕ್ಕೆ ನುಂಗಿದ ಮಾತ್ರೆ ಒಂದೆರಡು ಗಂಟೆಯಲ್ಲಿ ಮೈ ಬೆವರಿಸುತ್ತದೆ. ತಲೆನೋವಿನ ಮಾತ್ರೆಗೆ ಅಷ್ಟು ಹೊತ್ತೂ ಬೇಡ. ಔಷಧವೆಂದರೆ ನುಂಗಿದೊಡನೆ ಫಲವನ್ನು ತೋರಬೇಕಾದ ವಸ್ತು ಎಂಬ ಭಾವನೆ ಜನಸಾಮಾನ್ಯರಲ್ಲಿ ಬೇರೂರಿರುವುದು ಸಹಜವೇ ಆಗಿದೆ. ಆದರೆ ಖಿನ್ನತೆಯ ರೋಗಕ್ಕೆ ವೈದ್ಯರು ಬರೆದುಕೊಡುವ ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಮಾತ್ರೆಗಳ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅವು ಕಷ್ಟವನ್ನು ಮೊದಲ ದಿನವೇ ಕೊಡುತ್ತವೆ. ಸುಖವನ್ನು ಕೊಡಲು ಎರಡು ವಾರವೋ ನಾಲ್ಕು ವಾರವೋ ತೆಗೆದುಕೊಳ್ಳುತ್ತವೆ. ಈ ಮದ್ದಿನಿಂದ ಒದಗುವ ಅನರ್ಥಗಳಲ್ಲಿ ಬಹುಪಾಲು ಆ ನಡುವಣ ದಿನಗಳನ್ನು ದಾಟಲು ತಿಳಿಯದೆ ಆಗುವಂಥವು.

ತಿಪಟೂರಿನಂಥ ಒಂದು ಊರಿನ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತೈದು. ಮಗಳ ಮದುವೆಯಾಗಿ ಆರು ತಿಂಗಳು ಕಳೆದಿದೆ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಮತ್ತೆ ರೆಪ್ಪೆ ಮುಚ್ಚುವುದಿಲ್ಲ. ಅನ್ನ ಬಾಯಿಗೆ ಬೇಡ. ಒಲೆಯ ಮುಂದೆ ನಿಂತರೆ ಯಾವುದಕ್ಕೆ ನಿಂತೆನೆಂಬುದೇ ಮರೆಯುತ್ತದೆ. ಮನೆಯವರಿಗೆಲ್ಲ ತಾನೊಂದು ಭಾರವಾದೆನೆಂಬ ಯೋಚನೆಯೊಂದೇ ಹಗಲಿರುಳು. ಗಾಳಿ ಸೋಕಿದೆಯೆಂದವರುಂಟು, ಮನಸ್ಸು ಗಟ್ಟಿ ಮಾಡಿಕೋ ಎಂದವರುಂಟು. ಹರಕೆ, ತಾಯಿತ ಎಲ್ಲ ಮುಗಿದ ಮೇಲೆ ಗಂಡ ಅವಳನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆತರುತ್ತಾನೆ. ರಾತ್ರಿ ಮಲಗುವಾಗ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ ಎಂದು ಚೀಟಿಯಲ್ಲಿ ಬರೆಯುತ್ತಾರೆ.

ಮರುದಿನ ಬೆಳಿಗ್ಗೆ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ತಲೆ ಭಾರ. ಹಾಸಿಗೆಯಿಂದೆದ್ದರೆ ಕಣ್ಣು ಕತ್ತಲೆ. ನಾಲ್ಕನೆಯ ದಿನಕ್ಕೆ ಮಲಬದ್ಧತೆ. ಮನಸ್ಸಿನ ಭಾರ ಮಾತ್ರ ಇದ್ದಲ್ಲೇ ಇದೆ. ಎಂಟನೆಯ ದಿನ ಅತ್ತೆ ತೀರ್ಪು ಕೊಡುತ್ತಾಳೆ:

“ಇದು ಬರೀ ಉಷ್ಣದ ಮದ್ದು ಕಣಪ್ಪ. ಅವಳ ನಾಲಗೆ ನೋಡು, ಹೇಗೆ ಒಣಗಿದೆ! ಮೊದಲು ಅದನ್ನು ಬಿಡಿಸು.”

ಮಾತ್ರೆ ನಿಲ್ಲುತ್ತದೆ, ಉಳಿದ ಮಾತ್ರೆಗಳು ದೇವರ ಗೂಡಿನ ಪಕ್ಕದ ಅಲಮಾರಿನಲ್ಲಿ ಉಳಿಯುತ್ತವೆ. ಈ ಒಂದು ವಾರದಲ್ಲಿ ಆ ಮನೆಯವರು ಎರಡು ತಪ್ಪುಗಳನ್ನು ಮಾಡಿರುತ್ತಾರೆ. ಫಲ ಬರುವ ಮೊದಲೇ ಮದ್ದನ್ನು ಬಿಟ್ಟದ್ದು ಒಂದು. ಬಿಟ್ಟ ಮದ್ದನ್ನು ಎಲ್ಲರ ಕೈಗೆಟುಕುವಂತೆ ಇರಿಸಿದ್ದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಘೋರವಾದುದು.

ಸರೋವರದ ದಡದಲ್ಲಿ ಹುಟ್ಟಿದ್ದು

ಈ ಮದ್ದಿನ ಜನ್ಮವೃತ್ತಾಂತ ಸ್ವಾರಸ್ಯವಾದುದು. ಸ್ವಿಟ್ಸರ್ಲೆಂಡಿನ ಈಶಾನ್ಯದ ಅಂಚಿನಲ್ಲಿ ಕಾನ್‌ಸ್ಟನ್ಸ್ ಎಂಬ ವಿಶಾಲವಾದ ಸರೋವರವಿದೆ. ಅದರ ದಡದ ಮ್ಯೂನ್‌ಸ್ಟರ್ಲಿಂಗೆನ್ ಎಂಬ ಊರಿನಲ್ಲಿ ಒಂದು ಮಾನಸಿಕ ಆಸ್ಪತ್ರೆ. ಅಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧದಿಂದ ಚಿತ್ತವಿಕಲತೆಯ ರೋಗಿಗಳನ್ನು ಶಾಂತಗೊಳಿಸಿದ ಸುದ್ದಿ ಯೂರೋಪಿನಲ್ಲೆಲ್ಲ ಹಬ್ಬಿತ್ತು. ಬಾಸೆಲ್ ನಗರದ ಗೈಗಿ ಎಂಬ ಔಷಧ ಸಂಸ್ಥೆಗೂ ಅಂಥದೊಂದು ವಸ್ತುವನ್ನು ಕಂಡುಹಿಡಿಯುವ ಹಂಬಲ. 19ನೆಯ ಶತಮಾನದ ಕೊನೆಯಲ್ಲೇ ತಯಾರಾಗಿ ಮೂಲೆ ಸೇರಿದ್ದ ಒಂದು ರಾಸಾಯನಿಕ ವಸ್ತುವಿನ ಮನೆತನದಿಂದ ಅವರು ಹಲವು ಹೊಸ ವಸ್ತುಗಳನ್ನು ಸಿದ್ಧಪಡಿಸಿ, ಕೂನರ ಆಸ್ಪತ್ರೆಗೆ ಪರೀಕ್ಷೆಗೆಂದು ಕಳುಹಿಸಿದರು. ಅವುಗಳಲ್ಲೊಂದಕ್ಕೆ ಹೆಸರೂ ಇರಲಿಲ್ಲ. ಜಿ 22355 ಎಂಬ ಸಂಖ್ಯೆಯಷ್ಟೇ.

ಚಿತ್ತವಿಕಲತೆಯವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕೆಲವರಂತೂ ಶಾಂತರಾಗುವ ಬದಲು ಕೆರಳಿದರು. ಮತ್ತೊಬ್ಬರಾಗಿದ್ದರೆ ಅದನ್ನು ಅಲ್ಲಿಗೇ ಕೈಬಿಡುತ್ತಿದ್ದರೇನೋ. ಕೆರಳಿಸುವ ಗುಣವೇ ಕುಗ್ಗಿದವರಿಗೆ ಒದಗಬಹುದೆಂದು ಖಿನ್ನತೆಯ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದ್ದು ಕೂನರ ಹೆಚ್ಚಳ. 1956ರ ಜನವರಿಯಲ್ಲಿ ಮಧ್ಯವಯಸ್ಸಿನ ರೋಗಿಣಿಯೊಬ್ಬಳು ಆ ಮದ್ದಿನಿಂದ ಒಂದು ವಾರದೊಳಗೇ ಬೇರೆ ವ್ಯಕ್ತಿಯಂತಾದಳು. ಎಲ್ಲರಿಗೂ ಅಷ್ಟು ಶೀಘ್ರವಾಗಿ ಫಲ ದೊರೆಯುವುದಿಲ್ಲವೆಂಬುದು ತರುವಾಯದ ಅನುಭವ. 1957ರ ಆಗಸ್ಟಿನಲ್ಲಿ ಕೂನರ ಲೇಖನ ಸ್ವಿಸ್ ವೈದ್ಯಕೀಯ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಮುಂದಿನ ತಿಂಗಳು ಜೂರಿಕ್ಕಿನ ಜಾಗತಿಕ ಮನೋವೈದ್ಯ ಸಮ್ಮೇಳನದಲ್ಲಿ ಅವರು ಅದನ್ನು ಕುರಿತು ಮಾತನಾಡಿದಾಗ ಕೇಳಲು ಬಂದವರು ಹೆಚ್ಚೆಂದರೆ ಹನ್ನೆರಡು ಮಂದಿ. 1958ರಲ್ಲಿ ಅದು ಟೋಫ್ರಾನಿಲ್ ಎಂಬ ವ್ಯಾಪಾರನಾಮದಿಂದ ಮಾರುಕಟ್ಟೆಗೆ ಬಂತು, ಅದೇ ಇಮಿಪ್ರಮಿನ್. 1961ರಲ್ಲಿ ಅಮೆರಿಕದಲ್ಲಿ ಅಮಿಟ್ರಿಪ್ಟಿಲಿನ್ ಬಳಕೆಗೆ ಬಂತು.

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಆ ಆಸ್ಪತ್ರೆಯ ಕಡತಗಳನ್ನು ಚರಿತ್ರಕಾರರು ಶೋಧಿಸಿ 2019ರಲ್ಲಿ ಪ್ರಕಟಿಸಿದ ಗ್ರಂಥದಿಂದ, ದಶಕಗಳ ಕಾಲ ಅಲ್ಲಿ ಹಲವು ಹೊಸ ವಸ್ತುಗಳನ್ನು ರೋಗಿಗಳ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆಯೇ ಪ್ರಯೋಗಿಸಿದ್ದರೆಂಬುದು ಬೆಳಕಿಗೆ ಬಂದಿತು. ಇಂದು ಲಕ್ಷಾಂತರ ಜನರಿಗೆ ನೆಮ್ಮದಿ ಕೊಟ್ಟಿರುವ ಈ ಮಾತ್ರೆಯ ಹಿಂದೆ, ಕೇಳದೆಯೇ ಕೈಯೊಡ್ಡಿಸಿಕೊಂಡವರ ಋಣವೂ ಇದೆ.

ಇಮಿಪ್ರಮಿನ್ನಿನ ಅಣುವನ್ನು ಚಿತ್ರಿಸಿದರೆ ಮೂರು ಬಳೆಗಳನ್ನು ಒಂದಕ್ಕೊಂದು ಬೆಸೆದಂತೆ ಕಾಣುತ್ತದೆ. ಆದುದರಿಂದಲೇ ಈ ವರ್ಗಕ್ಕೆಲ್ಲ ಟ್ರೈಸೈಕ್ಲಿಕ್ ಎಂಬ ಹೆಸರು. ನಾರ್ಟ್ರಿಪ್ಟಿಲಿನ್, ಕ್ಲೋಮಿಪ್ರಮಿನ್, ಡಾಕ್ಸೆಪಿನ್ ಇದೇ ಬಳಗದವು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲೂಯಾಕ್ಸೆಟಿನ್ ಎಂಬ ಬೇರೆ ವರ್ಗದ ಔಷಧಕ್ಕೆ ಮಾನ್ಯತೆ ದೊರೆತ ಮೇಲೆ ಖಿನ್ನತೆಯ ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಆ ಹೊಸ ವರ್ಗಕ್ಕೆ ಸಂದಿತು. ಅವುಗಳ ಪ್ರಮಾಣ ಮೀರಿದರೂ ಅಪಾಯ ಕಡಮೆ. ಆದರೂ ಹಳೆಯ ಬಳಗ ಮೂಲೆಗುಂಪಾಗಿಲ್ಲ. ಹೊಸವು ಫಲಿಸದ ರೋಗಿಗಳಿಗೆ ಇವು ಬೇಕು. ಬೆಲೆಯೂ ಅಗ್ಗ. ಸಕ್ಕರೆ ಕಾಯಿಲೆಯವರ ಅಂಗಾಲುರಿ, ಸರ್ಪಸುತ್ತು ಮಾಸಿದ ಮೇಲೂ ಉಳಿಯುವ ಉರಿ, ಅರೆತಲೆನೋವು ಇವುಗಳಿಗೂ ವೈದ್ಯರು ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಅಂಗಾಲುರಿಗೆಂದು ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಪಕ್ಕದ ಮನೆಯವರು ಇದು ತಲೆ ಕೆಟ್ಟವರ ಮಾತ್ರೆಯೆಂದು ಹೇಳಿದ ದಿನವೇ ಮದ್ದು ನಿಂತುಹೋಗುವುದುಂಟು. ಒಂದೇ ಮದ್ದಿಗೆ ಹಲವು ಉಪಯೋಗಗಳಿರುವುದು ಅವಮಾನದ ಸಂಗತಿಯಲ್ಲ. ತಲೆ ಕೆಟ್ಟವರೆಂಬ ಮಾತೇ ಅನ್ಯಾಯದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಾಯಿ ಏಕೆ ಒಣಗುತ್ತದೆ?

ಮೆದುಳಿನ ನರಗಳು ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ಮೂಲಕ ಒಂದಕ್ಕೊಂದು ಸಂದೇಶ ಕಳುಹಿಸುತ್ತವೆ; ಕೆಲಸವಾದೊಡನೆ ಆ ದ್ರವ್ಯಗಳನ್ನು ಹಿಂದಕ್ಕೆ ಹೀರಿಕೊಳ್ಳುತ್ತವೆ. ಟ್ರೈಸೈಕ್ಲಿಕ್ ಮದ್ದು ಈ ಹೀರಿಕೆಯನ್ನು ತಡೆಯುತ್ತದೆ. ತಡೆ ಅಂದೇ ಆರಂಭವಾದರೂ ಮೆದುಳು ಅದಕ್ಕೆ ಹೊಂದಿಕೊಂಡು ಮನಸ್ಸು ತಿಳಿಯಾಗಲು ವಾರಗಳು ಬೇಕು. ಆದರೆ ಈ ಮದ್ದು ಅಷ್ಟಕ್ಕೇ ನಿಲ್ಲುವ ಸ್ವಭಾವದ್ದಲ್ಲ. ಒಂದೇ ಕೀಲಿಕೈ ಮನೆಯ ನಾಲ್ಕಾರು ಬೀಗಗಳಿಗೆ ಹೊಂದಿದಂತೆ, ಬೇರೆ ಕಡೆಗಳಲ್ಲಿಯೂ ಇದು ಕೈಯಾಡಿಸುತ್ತದೆ. ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಕೆಲಸವನ್ನು ತಡೆಯುವುದರಿಂದ ಬಾಯಿ ಒಣಗುತ್ತದೆ, ಹತ್ತಿರದ ಅಕ್ಷರ ಮಬ್ಬಾಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ಸಲೀಸಾಗಿ ಬಾರದು. ಹೊಲದಂಚಿನ ದತ್ತೂರಿ ಗಿಡದ ಬೀಜ ತಿಂದವರಲ್ಲಿ ಕಾಣುವುದೂ ಇದೇ ಜಾತಿಯ ಲಕ್ಷಣ. ಅಲ್ಲಿ ಅತಿ ತೀವ್ರವಾಗಿ, ಇಲ್ಲಿ ಬಹು ಸೌಮ್ಯವಾಗಿ. ಅತ್ತೆ ಉಷ್ಣವೆಂದು ಗುರುತಿಸಿದ್ದು ಇದನ್ನೇ. ಕಂಡದ್ದು ಸುಳ್ಳಲ್ಲ, ಅದರಿಂದ ಮಾಡಿದ ತೀರ್ಮಾನ ಮಾತ್ರ ಅವಸರದ್ದು. ಇನ್ನು ಹಿಸ್ಟಮಿನ್ನನ್ನು ತಡೆಯುವುದರಿಂದ ನಿದ್ದೆ ಬರುತ್ತದೆ, ಹಸಿವು ಹೆಚ್ಚುತ್ತದೆ. ರಕ್ತನಾಳಗಳು ಸಡಿಲಗೊಳ್ಳುವುದರಿಂದ ಎದ್ದು ನಿಂತಾಗ ತಲೆ ಸುತ್ತುತ್ತದೆ.

ಈ ತೊಂದರೆಗಳಲ್ಲಿ ಹಲವು ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಅಲ್ಲಿಯವರೆಗೆ ಆಗಾಗ ಗುಟುಕು ನೀರು, ಬಾಯಲ್ಲೊಂದು ಏಲಕ್ಕಿ. ಪೆಪ್ಪರಮೆಂಟು ಚೀಪುತ್ತಿದ್ದರೆ ಮಾತ್ರ ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಸೊಪ್ಪು, ಹಣ್ಣು, ಸಂಜೆಯ ನಡಿಗೆಯಿಂದ ಹೊಟ್ಟೆ ಸರಿಹೋಗುತ್ತದೆ. ತೂಕಡಿಕೆ ಇರುವಷ್ಟು ದಿನ ಸ್ಕೂಟರು, ಟ್ರ್ಯಾಕ್ಟರು ನಡೆಸುವುದು, ತಿರುಗುವ ಯಂತ್ರದ ಮುಂದೆ ನಿಲ್ಲುವುದು ಸಲ್ಲದು. ಮುಖ್ಯವಾಗಿ ವಯಸ್ಸಾದವರ ವಿಷಯ: ರಾತ್ರಿ ಬಚ್ಚಲಿಗೆ ಹೋಗಲು ಥಟ್ಟನೆ ಎದ್ದು, ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರೆ ಅದು ಮೂಲರೋಗಕ್ಕಿಂತ ದೊಡ್ಡ ವಿಪತ್ತಾದೀತು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತು ಏಳಬೇಕು. ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಬೇಕು.

ಸಹಿಸಿ ಕಾಯಬಾರದ ಲಕ್ಷಣಗಳೂ ಉಂಟು. ಮೂತ್ರ ಕಟ್ಟಿಹೋಗುವುದು; ಕಣ್ಣು ಕೆಂಪಾಗಿ ನೋಯುತ್ತ ದೀಪದ ಸುತ್ತ ಬಣ್ಣದ ಬಳೆ ಕಾಣುವುದು; ಎದೆ ಡವಡವನೆ ತಪ್ಪಿ ಬಡಿಯುವುದು, ಮೂರ್ಛೆ, ಸೆಳವು, ದಿಕ್ಕುಗೆಟ್ಟ ಮಾತು. ಇಂಥದು ಕಂಡಾಗ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಕುಗ್ಗಿದ್ದ ವ್ಯಕ್ತಿ ಏಕಾಏಕಿ ನಿದ್ದೆಯೇ ಬೇಡವೆಂಬಂತೆ ಉಲ್ಲಾಸದಿಂದ ಹಾರಾಡಿ, ದುಡ್ಡು ಚೆಲ್ಲತೊಡಗಿದರೆ ಮನೆಯವರು ಹಿಗ್ಗುವುದು ಸಹಜ. ಆದರೆ ಅದು ಗುಣವಾಗದೆ ಉನ್ಮಾದವೂ ಆಗಿರಬಹುದು; ವೈದ್ಯರಿಗೆ ತಿಳಿಸಲೇಬೇಕು.

ವೈದ್ಯರ ಮುಂದೆ ಬಾಯಿಬಿಡಬೇಕಾದ್ದು

ಚೀಟಿ ಬರೆಯುವ ಮುನ್ನ ವೈದ್ಯರು ಹತ್ತು ಪ್ರಶ್ನೆ ಕೇಳುತ್ತಾರೆ. ಮನಸ್ಸಿನ ಕಾಯಿಲೆಗೆ ಬಂದರೆ ಹೃದಯ, ಮೂತ್ರಗಳ ವಿಚಾರವೇಕೆಂದು ರೋಗಿಯ ಕಡೆಯವರಿಗೆ ಬೇಸರ. ಆ ಪ್ರಶ್ನೆಗಳಲ್ಲಿಯೇ ಅರ್ಧ ರಕ್ಷಣೆಯಿದೆ. ಇತ್ತೀಚೆಗೆ ಹೃದಯಾಘಾತವಾದವರಿಗೆ, ಹೃದಯದ ಬಡಿತದ ದಾರಿ ಕೆಟ್ಟವರಿಗೆ ಈ ಮದ್ದು ಕೂಡದು. ಆದುದರಿಂದ ನಡುವಯಸ್ಸು ದಾಟಿದವರಿಗೆ ಮೊದಲು ಇ.ಸಿ.ಜಿ. ತೆಗೆಸುವುದು ವಿವೇಕ. ಗ್ಲಾಕೋಮಾ ಎಂಬ ಕಣ್ಣಿನ ಒತ್ತಡ, ಪ್ರಾಸ್ಟೇಟ್ ಗ್ರಂಥಿಯ ಊತ, ಮೂರ್ಛೆರೋಗ, ಯಕೃತ್ತಿನ ದೋಷ, ಹಿಂದೆಂದಾದರೂ ಬಂದಿದ್ದ ಉನ್ಮಾದ, ಬಸಿರು ಅಥವಾ ಎಳೆಗೂಸು, ಇವುಗಳಲ್ಲಿ ಯಾವುದನ್ನೂ ಬಚ್ಚಿಡಬಾರದು.

ಬೇರೆ ಮದ್ದುಗಳ ಸಹವಾಸ ಇನ್ನೊಂದು ಗಂಡಾಂತರ. ಎಂ.ಎ.ಓ. ತಡೆಮದ್ದುಗಳೆಂಬ ವರ್ಗವೊಂದಿದೆ. ಅವನ್ನು ನಿಲ್ಲಿಸಿ 14 ದಿನ ಕಳೆಯದೆ ಟ್ರೈಸೈಕ್ಲಿಕ್ ಆರಂಭಿಸಕೂಡದು. ಕಂಪವಾತಕ್ಕೆ ಕೊಡುವ ಸೆಲಿಜಿಲಿನ್, ಸೋಂಕಿಗೆ ಕೊಡುವ ಲಿನೆಜೋಲಿಡ್ ಇವುಗಳಿಗೂ ಆ ಗುಣವಿದೆಯೆಂಬುದು ಹಲವರಿಗೆ ತಿಳಿಯದು. ಫ್ಲೂಯಾಕ್ಸೆಟಿನ್ ಜೊತೆಗೂಡಿದರೆ ಯಕೃತ್ತು ಟ್ರೈಸೈಕ್ಲಿಕ್ಕನ್ನು ಬೇಗ ಕರಗಿಸಲಾರದೆ, ಸಾಮಾನ್ಯ ಪ್ರಮಾಣವೇ ರಕ್ತದಲ್ಲಿ ಮಿತಿಮೀರಬಹುದು. ನೋವಿಗೆ ಕೊಡುವ ಟ್ರಮಡಾಲ್ ಸೇರಿದರೆ ಸೆಳವಿನ ಭಯ. ನೆಗಡಿಯೆಂದು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯೂ ಮಂಪರನ್ನು, ಬಾಯಾರಿಕೆಯನ್ನು ಇಮ್ಮಡಿಸುತ್ತದೆ. ಮದ್ಯ, ಭಂಗಿಗಳ ಮಾತಂತೂ ದೂರವೇ ಇರಲಿ. ಅಂಗಡಿಯವರಿಗಾಗಲಿ, ಹಲ್ಲಿನ ವೈದ್ಯರಿಗಾಗಲಿ, ನಾಟಿ ಪಂಡಿತರಿಗಾಗಲಿ ಮಾತ್ರೆಯ ಹಾಳೆಯನ್ನು ತೋರಿಸಿ ಕೇಳುವುದೇ ಸುಲಭೋಪಾಯ. ಹೆಸರು ನಾಲಗೆಗೆ ಹೊರಳದಿದ್ದರೂ ಚಿಂತೆಯಿಲ್ಲ.

ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ನರದ ಉರಿಗೆ 10 ಮಿಲಿಗ್ರಾಮಿನಿಂದಲೂ ಆರಂಭಿಸುತ್ತಾರೆ. ವಯಸ್ಕರ ಖಿನ್ನತೆಗೆ ಮೆಲ್ಲನೆ ಏರಿಸಿ ದಿನಕ್ಕೆ 75ರಿಂದ 150 ಮಿಲಿಗ್ರಾಮಿನ ಮಟ್ಟ ಸಾಮಾನ್ಯ. ವೃದ್ಧರಿಗೆ ಇದಕ್ಕಿಂತ ಕಡಮೆ. ಏರಿಸುವುದಾಗಲಿ ಇಳಿಸುವುದಾಗಲಿ ವೈದ್ಯರ ಕೆಲಸ. ಒಂದು ರಾತ್ರಿ ಮರೆತರೆ ಮರುರಾತ್ರಿ ಎರಡು ನುಂಗುವುದು ಸಲ್ಲದು. ಎದುರುಮನೆಯವರಿಗೂ ಇದೇ ಕಾಯಿಲೆಯೆಂದು ನಾಲ್ಕು ಮಾತ್ರೆ ಕೊಡುವ ಔದಾರ್ಯವನ್ನಂತೂ ಯಾರೂ ತೋರಬಾರದು.

ಅಲಮಾರಿನ ಬೀಗ

ಖಿನ್ನತೆಯ ರೋಗಿಯ ಮನಸ್ಸಿನಲ್ಲಿ ಜೀವ ಬೇಡವೆಂಬ ಯೋಚನೆ ಸುಳಿಯುವುದು ರೋಗದ ಲಕ್ಷಣಗಳಲ್ಲೊಂದು. ಅದೇ ರೋಗಕ್ಕೆ ಕೊಡುವ ಈ ಮದ್ದು ಪ್ರಮಾಣ ಮೀರಿದರೆ ಹೃದಯದ ಬಡಿತವನ್ನೂ ಮೆದುಳನ್ನೂ ಕೆಡಿಸಬಲ್ಲ ವಿಷ. ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ, ವೈದ್ಯರು ಮೊದಮೊದಲು ಒಂದೆರಡು ವಾರಕ್ಕಾಗುವಷ್ಟೇ ಮಾತ್ರೆ ಬರೆಯುವುದೇಕೆಂಬುದು ಅರ್ಥವಾದೀತು. ಪದೇ ಪದೇ ಬರಬೇಕಲ್ಲ ಎಂದು ಗೊಣಗುತ್ತ, ಮೂರು ತಿಂಗಳಿಗಾಗುವಷ್ಟು ಕೊಡಿರೆಂದು ಒತ್ತಾಯಿಸಬಾರದು. ಮಾತ್ರೆಗಳು ಮನೆಯ ಜವಾಬ್ದಾರಿಯುಳ್ಳ ಒಬ್ಬರ ವಶದಲ್ಲಿ, ಬೀಗದೊಳಗೆ ಇರಬೇಕು. ರಾತ್ರಿಯ ಪ್ರಮಾಣವನ್ನಷ್ಟೇ ಹೊರತೆಗೆದು ಕೊಡಬೇಕು. ಇದನ್ನು ಅಪನಂಬಿಕೆಯ ಕುರುಹಾಗಿ ತೋರದಂತೆ, ಸಹಜವಾಗಿ ಮಾಡುವುದು ಮನೆಯವರ ಜಾಣ್ಮೆ. ಚಿಕಿತ್ಸೆ ನಿಂತ ಮೇಲೆ ಉಳಿದ ಮಾತ್ರೆಗಳನ್ನು ಇರಲಿ ಎಂದು ಕೂಡಿಡದೆ, ಔಷಧದಂಗಡಿಗೋ ಆಸ್ಪತ್ರೆಗೋ ಒಯ್ದು ವಿಲೇವಾರಿಯ ಬಗೆಯನ್ನು ಕೇಳಬೇಕು.

ಮೊದಲ ವಾರಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೆಲವರಲ್ಲಿ ಮೈಗೆ ಚೈತನ್ಯ ಮೊದಲು ಬರುತ್ತದೆ, ಮನಸ್ಸಿಗೆ ಬೆಳಕು ಆಮೇಲೆ. ಎಳೆಯರಲ್ಲಿ ಈ ಅವಧಿಯ ಅಪಾಯವನ್ನು ಗಮನಿಸಿ ಅಮೆರಿಕದ ಔಷಧಾಡಳಿತವು 2004ರಲ್ಲಿ ಮಕ್ಕಳ ವಿಷಯದಲ್ಲಿಯೂ, 2007ರಲ್ಲಿ 24 ವರ್ಷದವರೆಗಿನ ತರುಣರ ವಿಷಯದಲ್ಲಿಯೂ ಎಲ್ಲ ಖಿನ್ನತೆಯ ಮದ್ದುಗಳ ಮೇಲೆ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು. ಮದ್ದು ಕೊಡಬಾರದೆಂದು ಇದರ ಅರ್ಥವಲ್ಲ. ಆ ದಿನಗಳಲ್ಲಿ ರೋಗಿಯನ್ನು ಒಂಟಿಯಾಗಿ ಬಿಡಬಾರದೆಂದು ಅರ್ಥ. “ಸಾಯಬೇಕೆಂದು ಅನಿಸುತ್ತದೆಯೇ?” ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗುತ್ತದೆಂಬ ಭಯ ಹಲವರಿಗಿದೆ. ಅದು ನಿಜವಲ್ಲ. ಮೆತ್ತಗೆ ಕೇಳಿದವರಿಗೆ ರೋಗಿ ಬಹುಮಟ್ಟಿಗೆ ನಿಜವನ್ನೇ ಹೇಳುತ್ತಾನೆ. ಹೇಳಿದೊಡನೆ ಅವನ ಭಾರ ಅಷ್ಟು ಇಳಿಯುತ್ತದೆ. 2022ರ ಅಕ್ಟೋಬರಿನಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಹಗಲಿರುಳು ಉಚಿತವಾಗಿ ದೊರೆಯುತ್ತಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಬೀಗ ಇನ್ನೂ ಬಿಗಿಯಾಗಿರಬೇಕು. ಬಣ್ಣದ ಲೇಪದ ಈ ಪುಟ್ಟ ಮಾತ್ರೆಗಳು ಮಗುವಿನ ಕಣ್ಣಿಗೆ ಮಿಠಾಯಿಯೇ ಸರಿ; ದೊಡ್ಡವರಿಗೆ ಏನೂ ಅಲ್ಲದ ಸಂಖ್ಯೆ ಮಗುವಿಗೆ ಪ್ರಾಣಾಂತಿಕವಾದೀತು. ನುಂಗಿದ ಸಂದೇಹ ಬಂದರೂ ಸಾಕು, ಮಗು ಆಡುತ್ತಿದೆಯೆಂದು ಕಾಯಬಾರದು. ಮೊದಲ ಗಂಟೆಯಲ್ಲಿ ತೂಕಡಿಸುತ್ತಿದ್ದವರಿಗೆ ಅನಂತರ ಸೆಳವೂ ಬರಬಹುದು, ಹೃದಯವೂ ತಪ್ಪಬಹುದು. ಉಪ್ಪುನೀರು, ಹುಣಿಸೆನೀರು ಕುಡಿಸಿ ವಾಂತಿ ಮಾಡಿಸುವ ವಾಡಿಕೆ ಇಲ್ಲಿ ಸಲ್ಲದು. ಎಚ್ಚರ ತಪ್ಪುತ್ತಿರುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಖಾಲಿ ಹಾಳೆಯನ್ನು ಕೈಯಲ್ಲಿ ಹಿಡಿದು ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಬೇಕು. ವಾಹನವಿಲ್ಲದವರು 108ಕ್ಕೆ ಕರೆಮಾಡಬೇಕು. ಅಲ್ಲಿ ಇ.ಸಿ.ಜಿ. ನೋಡುತ್ತ, ರಕ್ತನಾಳದ ಮೂಲಕ ಸೋಡಿಯಂ ಬೈಕಾರ್ಬನೇಟನ್ನು ಕೊಡುತ್ತಾರೆ. ಅದು ಅಡುಗೆ ಸೋಡದ ಲವಣವೇ ಹೌದು. ಹಾಗೆಂದು ಮನೆಯಲ್ಲಿ ಸೋಡ ಕಲಸಿ ಕುಡಿಸಿದರೆ ಪ್ರಯೋಜನವಿಲ್ಲ, ಹೊತ್ತು ಹಾಳು.

ಇನ್ನು ಮದ್ದನ್ನು ಬಿಡುವ ಕಾಲ. ಮನಸ್ಸು ತಿಳಿಯಾದೊಡನೆ ಬಿಡಬೇಕೆನಿಸುತ್ತದೆ. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸದಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಬಿಡುವಾಗಲೂ ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ಓಕರಿಕೆ, ತಲೆನೋವು, ಚಡಪಡಿಕೆ, ಕೆಟ್ಟ ಕನಸು. ಚಟ ಹತ್ತಿತೆಂದು ಕೆಲವರು ಹೆದರುತ್ತಾರೆ. ಮದ್ಯದ ಹಂಬಲದಂಥದಲ್ಲ ಅದು, ಮೈ ಹೊಂದಿಕೊಂಡಿದ್ದ ಆಸರೆಯನ್ನು ಒಮ್ಮೆಗೇ ಕಳಚಿದ್ದರ ಪರಿಣಾಮ.

ತಿಪಟೂರಿನ ಆ ಮನೆಯ ಕಥೆ ಬೇರೆ ರೀತಿಯಲ್ಲಿಯೂ ನಡೆಯಬಹುದು. ಎಂಟನೆಯ ದಿನ ಅತ್ತೆಯ ಮಾತು ಕೇಳಿದ ಗಂಡ ಮಾತ್ರೆಯನ್ನು ಬಿಡಿಸದೆ, ಅವಳನ್ನೂ ತಾಯಿಯನ್ನೂ ಕರೆದುಕೊಂಡು ಆಸ್ಪತ್ರೆಗೇ ಹಿಂದಿರುಗುತ್ತಾನೆ. “ಬಾಯಿ ಒಣಗುವುದು ಮದ್ದು ಮೈಗೆ ಹತ್ತಿರುವ ಗುರುತು ತಾಯಿ, ಇನ್ನೆರಡು ವಾರ ತಡೆದುಕೊಳ್ಳಿ” ಎಂದು ವೈದ್ಯರು ಅತ್ತೆಗೇ ಬಿಡಿಸಿ ಹೇಳುತ್ತಾರೆ. ಬೆಳಗಿನ ಮಂಪರು ತಗ್ಗಲೆಂದು ಮಾತ್ರೆಯನ್ನು ರಾತ್ರಿ ಎಂಟಕ್ಕೇ ಕೊಡಲು ತಿಳಿಸುತ್ತಾರೆ. ಮೂರನೆಯ ವಾರ ಅವಳಿಗೆ ಬೆಳಗಿನ ಐದರವರೆಗೂ ನಿದ್ದೆ ಹತ್ತುತ್ತದೆ. ಇದನ್ನು ಮೊದಲು ಗಮನಿಸುವುದು ಅವಳಲ್ಲ, ಪಕ್ಕದ ಕೋಣೆಯಲ್ಲಿ ಎಚ್ಚರವಾಗಿದ್ದ ಅತ್ತೆ. ಐದನೆಯ ವಾರ ಅವಳು ಹಿತ್ತಿಲ ಕರಿಬೇವಿಗೆ ನೀರು ಹಾಕಿದವರಾರೆಂದು ವಿಚಾರಿಸುತ್ತಾಳೆ. ಸಾರಿಗೆ ಹುಳಿ ಹೆಚ್ಚಾಯಿತೆಂದು ಅತ್ತೆಯೊಡನೆ ವಾದಕ್ಕೆ ನಿಲ್ಲುತ್ತಾಳೆ. ಅಲಮಾರಿನ ಬೀಗದ ಕೈ ಮಾತ್ರ ಇನ್ನೂ ಗಂಡನ ಜೇಬಿನಲ್ಲಿದೆ. ಮುಂದಿನ ಭೇಟಿಗೆ ಇನ್ನು ಹತ್ತು ದಿನ. ಒಳಗಿರುವ ಮಾತ್ರೆಗಳೂ ಅಷ್ಟೇ.